ಜೀನಗಾರವ್ವ ಕೇಳಿದ ಕೂಲಿ

ಆಕೆಯ ಎಡಗೆನ್ನೆ ಬಲಗೆನ್ನೆಗಿಂತ ಹೆಚ್ಚು ಮಿರುಗುತ್ತಿತ್ತು. ಬಲಗೆನ್ನೆ ಎಲ್ಲ ಮುದುಕಿಯರ ಕೆನ್ನೆಯಂತೆ ನೆರಿಗೆ ಬಿದ್ದು ಒಣಗಿತ್ತು. ಎಡಗೆನ್ನೆ ಮಾತ್ರ ಎಣ್ಣೆ ಉಂಡು ಉಂಡು ನುಣುಪಾಗಿತ್ತು. ಹತ್ತಿರ ಹೋದರೆ ಅಗಸೆ ಎಣ್ಣೆ, ಅರಗು ಎರಡೂ ಮೂಗಿಗೆ ಹೊಡೆಯುತ್ತಿದ್ದವು. ಬಣ್ಣ ಹಚ್ಚಿದ ತೊಟ್ಟಿಲಾಗಲಿ ಪಲ್ಲಕ್ಕಿಯ ದಂಡಿಗೆಯಾಗಲಿ ಆಕೆ ಕೈಯಿಂದ ಮುಟ್ಟಿ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಎಡಗೆನ್ನೆ ತಾಗಿಸಿ ಈ ತುದಿಯಿಂದ ಆ ತುದಿಯವರೆಗೆ ಮೆಲ್ಲಗೆ ಸರಿಯುತ್ತಿದ್ದಳು. ಯಾಕವ್ವಾ ಎಂದು ಕೇಳಿದರೆ, “ಕೈ ಜಡ್ಡುಗಟ್ಟೈತಿ, ಸುಳ್ಳು ಹೇಳ್ತೈತಿ. ಕೆನ್ನಿಗೆ ಸುಳ್ಳು ಬರಂಗಿಲ್ಲ” ಎನ್ನುತ್ತಿದ್ದಳು.

ಮಕ್ತಲ್‌ನಲ್ಲಿ ನಮ್ಮ ಮನೆಯಿಂದ ಮೂರನೆಯ ಮನೆ ಆಕೆಯದು. ಜೀನಗಾರರೆಂದರೆ ಕುದುರೆಗೆ ಜೀನು ಹೊಲಿಯುವವರು. ಪಲ್ಲಕ್ಕಿಗೆ, ತೊಟ್ಟಿಲಿಗೆ, ಮರದ ದೇವರಿಗೆ ಬಣ್ಣ ಕಟ್ಟುವವರು. ಆಕೆಯ ತವರು ಗದ್ವಾಲ್. ಅಲ್ಲಿಯ ಸಂಸ್ಥಾನದ ಪಲ್ಲಕ್ಕಿಗಳಿಗೆ ಆಕೆಯ ತಂದೆಯೇ ಬಣ್ಣ ಹಚ್ಚುತ್ತಿದ್ದನಂತೆ. ಆಕೆಯನ್ನು ಕೇಳಿದರೆ, ಹಚ್ಚಿದವನು ನಮ್ಮಪ್ಪ, ಉಜ್ಜಿ ಹೊಳಪು ತಂದವಳು ನಾನು ಎನ್ನುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಕುಂಚ, ಕುಡಿಕೆಗಳನ್ನು ಯಾರಿಗೂ ಕೊಡದೆ ಕೆಲಸವನ್ನು ತಾನೇ ಮುಂದುವರಿಸಿದಳು. ಹೆಂಗಸು ಹಚ್ಚಿದ ಬಣ್ಣ ದೇವರಿಗೆ ಆದೀತೇ ಎಂದು ನಾಲ್ಕು ಮಂದಿ ಗೊಣಗಿದರು. ಬೀರಪ್ಪನ ಪಲ್ಲಕ್ಕಿಯ ಬಣ್ಣ ಬಿಸಿಲಿಗೆ ಬಿರಿದಾಗ ಅದೇ ನಾಲ್ಕು ಮಂದಿ ಬಂದು ಆಕೆಯ ಕಟ್ಟೆಯ ಮೇಲೆ ಕೂತರು. ಆಕೆಗೆ ಹೆತ್ತವರು ಇಟ್ಟ ಹೆಸರು ಏನಿತ್ತೋ ನನಗೆ ತಿಳಿಯದು. ಇಷ್ಟು ಉಪಕಾರ ಉಂಡವನಿಗೆ ಅದೊಂದು ಮಾತು ಕೇಳಬೇಕು ಎಂದು ಯಾಕೆ ಹೊಳೆಯಲಿಲ್ಲವೋ, ಅದೂ ತಿಳಿಯದು.

ಯಾವ ವಸ್ತು ಕೈಗೆ ಬಂದರೂ ಆಕೆ ಮೊದಲು ಅದನ್ನು ಸುಮ್ಮನೆ ನೋಡುತ್ತ ಕೂಡುತ್ತಿದ್ದಳು. ಕೊಟ್ಟವನಿಗೆ ಬೇಸರ ಬರುವಷ್ಟು ಹೊತ್ತು ನೋಡುತ್ತಿದ್ದಳು. ಆಮೇಲೆ “ಇದು ಏನು ಉಣ್ಣತೈತಿ?” ಎಂದು ಕೇಳುತ್ತಿದ್ದಳು. ಮರ ಎಣ್ಣೆ ಉಣ್ಣುತ್ತದೆ, ಚರ್ಮ ಕೊಬ್ಬು ಉಣ್ಣುತ್ತದೆ, ಹಿತ್ತಾಳೆ ಹುಳಿ ಉಣ್ಣುತ್ತದೆ ಎಂಬುದು ಆಕೆಯ ಶಾಸ್ತ್ರ. ಒಂದರ ಊಟ ಇನ್ನೊಂದಕ್ಕೆ ಹಾಕಿದರೆ ಹೊಟ್ಟೆ ಕೆಡುತ್ತದೆಯಂತೆ. ಸಿಟ್ಟು ಬಂದರೆ ಗದ್ವಾಲಿನ ತೆಲುಗಿಗೆ ಇಳಿಯುತ್ತಿದ್ದಳು. ಆ ತೆಲುಗು ಬೈಗುಳ ನಾನು ಬೇಕಾದಷ್ಟು ತಿಂದಿದ್ದೇನೆ. ಆದರೆ ಆಕೆಯ ಶಾಸ್ತ್ರ ಮಾತ್ರ ಬೇಕಾದ ಹೊತ್ತಿಗೆ ನನ್ನ ತಲೆಗೆ ಬರಲಿಲ್ಲ. ನನ್ನ ತಲೆಯೇ ಅಂಥದು.

ನಾನು ಮೋಟಾರು ಡ್ರೈವರ್. ನಿಜಾಮರ ಕಾಲದಲ್ಲಿ ಹೈದರಾಬಾದಿಗೆ ಹೋಗಿ ಎರಡು ವರ್ಷ ಲಾರಿಗಳ ಕೆಳಗೆ ಮಲಗಿ ಕೆಲಸ ಕಲಿತವನು. ನಾರಾಯಣಪೇಟೆಯ ಒಬ್ಬ ಸೀರೆ ಸಾಹುಕಾರರು ಅಲ್ಲಿ ಒಂದು ಹಳೆಯ ಕಾರು ಕೊಂಡು, ಅದರ ಜೊತೆಗೆ ನನ್ನನ್ನೂ ತಮ್ಮ ಊರಿಗೆ ಕರೆತಂದರು. ಕಪ್ಪು ಬಣ್ಣದ ಗಾಡಿ. ಮೈ ಎಷ್ಟು ಹೊಳೆಯುತ್ತಿತ್ತೆಂದರೆ ಮಗ್ಗದ ಮನೆಗಳವರು ಅದರಲ್ಲಿ ಮುಖ ನೋಡಿ ತಲೆಯ ಪಾಗು ಸರಿಮಾಡಿಕೊಳ್ಳುತ್ತಿದ್ದರು. ಓಡಿಸುವುದು ನನಗೆ ಬರುತ್ತಿತ್ತು. ಅದರ ಮೈ ಕಾಯುವುದು ಬರುತ್ತಿರಲಿಲ್ಲ. ಲಾರಿಗೆ ಯಾರು ಮೈ ತೊಳೆಯುತ್ತಾರೆ?

ಹೊರಡುವ ದಿನ ಹೈದರಾಬಾದಿನ ಅಂಗಡಿಯವನು ಒಂದೇ ಅಳತೆಯ ನಾಲ್ಕು ಡಬ್ಬಿಗಳನ್ನು ನನ್ನ ಮಡಿಲಿಗಿಟ್ಟು ಉರ್ದುವಿನಲ್ಲಿ ಗಡಗಡ ಹೇಳಿದ. ಒಂದು ದೀಪದ ಹಿತ್ತಾಳೆಗೆ, ಒಂದು ಸೀಟಿನ ಚರ್ಮಕ್ಕೆ, ಒಂದು ಬಣ್ಣಕ್ಕೆ, ಇನ್ನೊಂದು ಎಂಥದಕ್ಕೋ. ಸಾಹುಕಾರರು ಪಕ್ಕದಲ್ಲೇ ನಿಂತಿದ್ದರು. ತಿಳಿಯಲಿಲ್ಲ ಎಂದರೆ ಮರ್ಯಾದೆ ಹೋಗುತ್ತದೆ ಎಂದು ನಾನು “ಹಾಂ ಜೀ, ಹಾಂ ಜೀ” ಎಂದೆ. ಊರಿಗೆ ಬಂದು ನೋಡಿದರೆ ಯಾವುದು ಯಾವುದೆಂದು ಒಂದೂ ನೆನಪಿಲ್ಲ. ಡಬ್ಬಿಯ ಮೇಲಿನ ಇಂಗ್ಲಿಷು ನನಗೆ ಬಾರದು. ಟಪಾಲು ಕಚೇರಿಯ ಮುನ್ಷಿಯ ಬಳಿಗೆ ಒಯ್ದೆ. ಅವರು ಕನ್ನಡಕ ಏರಿಸಿ ನಾಲ್ಕನ್ನೂ ಓದಿ, ನಾಲ್ಕರ ಮೇಲೂ ಪಾಲಿಶ್ ಎಂದು ಬರೆದಿದೆ, ಉಳಿದ ಮಾತು ತಮ್ಮ ಓದಿಗೆ ಮೀರಿದ್ದು ಎಂದು ತಿರುಗಿ ಕೊಟ್ಟರು.

ಆಮೇಲೆ ಊರಿಗೆ ಊರೇ ಗುರುವಾಯಿತು. ಪೊಲೀಸ್ ಠಾಣೆಯ ಅಮೀನ್ ಸಾಹೇಬರ ಜವಾನ ಸೀಮೆಎಣ್ಣೆ ಎಂದ. ನೇಕಾರರು ಅಕ್ಕಿಗಂಜಿ ಬಳಿ, ಸೀರೆಗೆ ಬಂದಂತೆ ಹೊಳಪು ಬರುತ್ತದೆ ಎಂದರು. ಅಂಟುವಾಳ ಎಂದವರಿದ್ದರು, ಹರಳೆಣ್ಣೆ ಎಂದವರಿದ್ದರು. ಒಬ್ಬ ಪುಣ್ಯಾತ್ಮ ಎಮ್ಮೆಯ ಬೆಣ್ಣೆ ಎಂದ. ಎಲ್ಲರ ಮಾತಿಗೂ ತಲೆಯಾಡಿಸಿ, ಡಬ್ಬಿಗಳನ್ನು ಗೂಡಿನಲ್ಲಿಟ್ಟು, ಒದ್ದೆ ಬಟ್ಟೆಯಿಂದ ಒರೆಸುತ್ತ ಒಂದು ವರ್ಷ ತಳ್ಳಿದೆ. ಹಾಗೆಯೇ ಬಿಟ್ಟಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಆ ಹೊತ್ತಿಗೆ ನನ್ನ ಲಗ್ನ ಗೊತ್ತಾಗಿತ್ತು. ಹುಡುಗಿ ನಾರಾಯಣಪೇಟೆ ಕಡೆಯ ಮದ್ದೂರಿನವಳು. ಅವಳಪ್ಪ ಮುಚ್ಚುಮರೆ ಇಲ್ಲದ ಮನುಷ್ಯ. ನಿನಗೆ ಹೊಲವಿಲ್ಲ, ಮನೆ ಅಣ್ಣನದು, ಮೋಟಾರು ನೋಡಿ ಹೆಣ್ಣು ಕೊಡುತ್ತಿದ್ದೇನೆ, ಮೋಟಾರು ಹೋದರೆ ಮಾತೂ ಹೋಯಿತು ಎಂದು ನಾಲ್ಕು ಜನರ ಎದುರಿಗೇ ಹೇಳಿದ್ದ. ಹುಡುಗಿಯನ್ನು ನಾನು ನೋಡಿದ್ದು ಒಂದೇ ಸಲ. ನೀರಿನ ತಂಬಿಗೆ ಕೊಟ್ಟು, ನಾನು ಕುಡಿಯುವಾಗ ಅಂಗಿಯ ಮೇಲೆ ಚೆಲ್ಲಿಕೊಂಡದ್ದನ್ನು ನೋಡಿ, ನಗು ತಡೆಯಲಾರದೆ ಒಳಗೆ ಓಡಿಹೋದಳು. ಆ ನಗು ನನ್ನನ್ನು ಕೆಡಿಸಿಬಿಟ್ಟಿತ್ತು. ದಸರೆ ಮುಗಿದ ಕೂಡಲೇ ಲಗ್ನ.

ದಸರೆಯಲ್ಲಿ ಸಾಹುಕಾರರ ಮನೆಯಲ್ಲಿ ಖಂಡೆಪೂಜೆ, ಎಂದರೆ ಆಯುಧಪೂಜೆ, ದೊಡ್ಡದು. ತಕ್ಕಡಿ, ಕತ್ತರಿ, ಕುಡುಗೋಲು, ಅಜ್ಜನ ಕಾಲದ ಕತ್ತಿ, ಎಲ್ಲವನ್ನೂ ಅಂಗಳಕ್ಕೆ ತಂದು ಹುಣಸೆಹಣ್ಣು, ಒಲೆಯ ಬೂದಿ ಹಾಕಿ ತಿಕ್ಕಿ, ವಿಭೂತಿ ಹಚ್ಚಿ ಪೂಜೆಗಿಡುವುದು ಪದ್ಧತಿ. ಆ ವರ್ಷ ಸಾಹುಕಾರರು ಸೀರೆ ಗಂಟಿನೊಡನೆ ಸೊಲ್ಲಾಪುರಕ್ಕೆ ಹೋಗಿದ್ದರು. ಪೂಜೆಯ ಹೊತ್ತಿಗೆ, ಇನ್ನು ನಾಲ್ಕು ದಿನಕ್ಕೆ, ರೈಲಿನಲ್ಲಿ ಬರುವವರು, ನಾನು ಸ್ಟೇಷನ್ನಿಗೆ ಗಾಡಿ ಒಯ್ಯಬೇಕು. ಅಂಗಳದಲ್ಲಿ ಹೆಣ್ಣುಮಕ್ಕಳೆಲ್ಲ ಕೂತು ತಿಕ್ಕುತ್ತಿದ್ದರು. ಸಾಹುಕಾರರ ತಾಯಿ ದೊಡ್ಡವ್ವನವರು, ಕಣ್ಣು ಮಂಜಾಗಿದ್ದ ದೊಡ್ಡ ಜೀವ, ಕಟ್ಟೆಯ ಮೇಲಿಂದ ನನ್ನನ್ನು ಕರೆದು, ಎಲ್ಲರೂ ತಮ್ಮ ತಮ್ಮ ಆಯುಧ ತಿಕ್ಕುತ್ತಿದ್ದಾರೆ, ನಿನ್ನ ಆಯುಧ ಯಾವಾಗ ತಿಕ್ಕುತ್ತೀಯಪ್ಪಾ ಎಂದರು.

ನನಗೂ ಖರೆ ಅನ್ನಿಸಿತು. ವರ್ಷವಿಡೀ ತಲೆ ಕೆಡಿಸಿಕೊಂಡ ಪ್ರಶ್ನೆಗೆ ಅಂಗಳದಲ್ಲೇ ಉತ್ತರ ಕೂತಿದೆಯಲ್ಲ ಎಂದು ಹಿಗ್ಗೂ ಆಯಿತು. ಹುಣಸೆಹಣ್ಣು ಕಿವುಚಿ, ಬೂದಿ ಬೆರೆಸಿ, ತೆಂಗಿನ ನಾರು ಹಿಡಿದು ಬಾನೆಟ್ಟಿನ ಮೇಲೆ ಏರಿದೆ. ಭಕ್ತಿಯಿಂದ ತಿಕ್ಕಿದೆ. ರಟ್ಟೆ ನೋಯುವ ತನಕ ತಿಕ್ಕಿದೆ. ಎರಡು ಕೊಡ ನೀರು ಸುರಿದೆ. ನೀರಿದ್ದಷ್ಟು ಹೊತ್ತು ಚೆಂದವೇ ಇತ್ತು. ಒಣಗಿದ ಮೇಲೆ ನೋಡಿದರೆ ಕಪ್ಪು ಬಣ್ಣವೆಲ್ಲ ಬೂದಿ ಬಣ್ಣವಾಗಿ, ಮೈತುಂಬ ಗೀರುಗಳು. ಮುಖ ಕಾಣುತ್ತಿದ್ದ ಜಾಗದಲ್ಲಿ ಏನೂ ಕಾಣಲಿಲ್ಲ.

ಕೆಲಸ ಹೋಯಿತು, ಮದ್ದೂರಿನ ಮಾತೂ ಹೋಯಿತು ಎಂದು ಅಲ್ಲೇ ಕುಸಿದೆ. ಆಮೇಲೆ ಎದ್ದು ಮಾಡಿದ್ದಾದರೂ ಏನು? ಹರಳೆಣ್ಣೆ ಎಂದವನ ಮಾತು ನೆನಪಾಗಿ ಒಂದು ಗಿಂಡಿ ಹರಳೆಣ್ಣೆ ಬಳಿದೆ. ಹೊಳೆಯಿತು. ದೇವರು ಕಣ್ಣುಬಿಟ್ಟ ಎಂದುಕೊಂಡೆ. ಸಂಜೆಯೊಳಗೆ ಬೀದಿಯ ಧೂಳೆಲ್ಲ ಬಂದು ಅಂಟಿಕೊಂಡು, ಗಾಡಿ ಚಟ್ನಿಪುಡಿಯಲ್ಲಿ ಹೊರಳಿದ ಹಾಗೆ ನಿಂತಿತ್ತು. ದೊಡ್ಡವ್ವನವರಿಗೆ ಕಣ್ಣು ಕಾಣದ್ದಕ್ಕೆ ನಾನು ಒಳಗೊಳಗೇ ಸಂತೋಷಪಟ್ಟೆ. ಎಂಥ ಬುದ್ಧಿ ನೋಡಿ.

ಮರುದಿನ ಬೆಳಿಗ್ಗೆ, ಗಾಡಿಗೆ ಸ್ವಲ್ಪ ದುರಸ್ತಿ ಇದೆ ಎಂದು ದೊಡ್ಡವ್ವನವರಿಗೆ ಹೇಳಿ ಮಕ್ತಲ್‌ಗೆ ಹೊರಟೆ. ಅಣ್ಣನ ಮನೆಗೆ ಹೊರಟಿದ್ದೆನೋ ಜೀನಗಾರವ್ವನ ಮನೆಗೇ ಹೊರಟಿದ್ದೆನೋ ಈಗ ಹೇಳಲಾರೆ. ಗಾಡಿ ನಿಂತದ್ದು ಆಕೆಯ ಬೇವಿನ ಮರದ ಕೆಳಗೆ. ಆಕೆ ಹೊರಗೆ ಬಂದಳು. ಎಂದಿನಂತೆ ನೋಡುತ್ತ ಕೂತಳು. ನಾನು ಬೂದಿ, ಹುಣಸೆ, ಹರಳೆಣ್ಣೆ, ಮದ್ದೂರು, ಹುಡುಗಿ ಎಲ್ಲವನ್ನೂ ಒಟ್ಟಿಗೆ ಹೇಳಿ ಅತ್ತೆ. ತೆಲುಗಿನಲ್ಲಿ ಬೈದಾಳು ಎಂದು ಕಾದೆ. ಬೈಯಲಿಲ್ಲ.

“ಏನು ಉಣ್ಣತೈತಿ ಅಂತ ಕೇಳಿದ್ದೇನು ಅದಕ್ಕ?” ಎಂದಳು ಅಷ್ಟೆ.

ಮೊದಲು ಕಡಲೆಹಿಟ್ಟು ತರಿಸಿ, ಅಭ್ಯಂಜನ ಮಾಡಿದವರ ಮೈಯ ಜಿಡ್ಡು ತೆಗೆಯುವ ಹಾಗೆ ಹರಳೆಣ್ಣೆ ತೆಗೆಸಿದಳು. ಹಿಟ್ಟು ಹಾಕುವುದಕ್ಕೂ ಮುಂಚೆ ಧೂಳನ್ನು ಬರೀ ನೀರು ಸುರಿದೇ ಇಳಿಸಬೇಕು. ಧೂಳಿನ ಮೇಲೆ ಬಟ್ಟೆ ಎಳೆದರೆ, ಒದ್ದೆ ಬಟ್ಟೆಯಾದರೂ, ಅದೂ ಬೂದಿ ಹಾಕಿ ತಿಕ್ಕಿದಂತೆಯೇ ಎಂದಳು. ಒಂದು ವರ್ಷ ನಾನು ಮಾಡಿದ್ದು ಅದನ್ನೇ. ಗಾಡಿಯನ್ನು ಬಿಸಿಲಿಗೆ ಸರಿಸಲು ಬಿಡಲಿಲ್ಲ. ಬಿಸಿಯಾದ ಬಣ್ಣಕ್ಕೆ ಕೈ ಹಚ್ಚಬಾರದಂತೆ, ಜ್ವರ ಬಂದವನನ್ನು ಉಜ್ಜಿದಂತಾಗುತ್ತದಂತೆ. ಒರೆಸುವುದಕ್ಕೆ ಹೊಸ ಬಟ್ಟೆ ತಂದರೆ ಎಸೆದು, ಹತ್ತು ವರ್ಷ ಉಟ್ಟು ಸವೆದ ತನ್ನ ನಾರಾಯಣಪೇಟೆ ಸೀರೆಯನ್ನೇ ಹರಿದಳು. ನಾನು ಬೇಡವೆಂದೆ. ಉಟ್ಟಾಗ ಮೈಗೆ ಚುಚ್ಚದ್ದು ಬಣ್ಣಕ್ಕೂ ಚುಚ್ಚುವುದಿಲ್ಲ ಎಂದಳು.

ನಾಲ್ಕು ಡಬ್ಬಿಗಳನ್ನು ಒಯ್ದಿದ್ದೆ. ಒಂದೊಂದರ ಬಾಯಿ ತೆರೆದು ಮೂಸಿದಳು, ಎರಡು ಬೆರಳ ನಡುವೆ ಹೊಸಕಿದಳು. ಮೊದಲನೆಯದು ಬೆರಳಿಗೆ ಗರಗರ ಎಂದಿತು. ಅದು ಹಿತ್ತಾಳೆಯದು, ಬಣ್ಣದ ಹತ್ತಿರ ತರಬೇಡ ಎಂದಳು. ಎರಡನೆಯದರಲ್ಲಿ ಕೊಬ್ಬಿನ ವಾಸನೆ. ಅದು ಚರ್ಮದ್ದು. ಮೂರನೆಯದನ್ನು ಮೂಸಿದಾಗ ಆಕೆಯ ಮುಖವೇ ಬೇರೆಯಾಯಿತು. ಇದರಲ್ಲಿ ಮೇಣವಿದೆ, ನಮ್ಮಪ್ಪ ಪಲ್ಲಕ್ಕಿಗೆ ಇದನ್ನೇ ಕೊಡುತ್ತಿದ್ದ ಎಂದಳು. ಅಷ್ಟಾದರೂ ನೇರವಾಗಿ ಹಚ್ಚಲಿಲ್ಲ. ಬಾಗಿಲು ತೆರೆದು, ಮುಚ್ಚಿದರೆ ಕಾಣದ ಅಂಚಿನಲ್ಲಿ ಒಂದು ಬೆರಳಷ್ಟು ಹಚ್ಚಿ, ನಾಳೆಯವರೆಗೆ ಬಿಟ್ಟು ನೋಡಬೇಕು ಎಂದಳು. ನಾಲ್ಕನೆಯದನ್ನು ಎಷ್ಟು ಮೂಸಿದರೂ ತಿಳಿಯಲಿಲ್ಲ. ಆಗ ಆಕೆ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: “ಇದು ನನಗೂ ಗೊತ್ತಿಲ್ಲಪಾ. ಗೊತ್ತಿಲ್ಲ ಅಂದ್ರ ಗೊತ್ತಿಲ್ಲ ಅನ್ನಬೇಕು. ಹಾಂ ಜೀ ಅಂದಿ, ಅದಕ್ಕ ಇಷ್ಟೆಲ್ಲಾ ಆತು.”

ಗೀರು ತೆಗೆದದ್ದು ಯಾವುದರಿಂದ ಎಂದು ಇಂದಿಗೂ ನನಗೆ ಪೂರ್ತಿ ಗೊತ್ತಿಲ್ಲ. ಒಂದು ಕುಡಿಕೆಯಲ್ಲಿ ಬಿಳಿ ಮಣ್ಣಿನ ಹಿಟ್ಟಿತ್ತು. ನೀರಿನಲ್ಲಿ ಕದಡಿ, ತರಿಯೆಲ್ಲ ತಳಕ್ಕೆ ಕೂತ ಮೇಲೆ ಮೇಲಿನ ಹಾಲಿನಂಥ ನೀರನ್ನು ಬಸಿದು, ಅದನ್ನು ಒಣಗಿಸಿ ಮಾಡಿದ್ದು ಎಂದಳು. ಅದಕ್ಕೆ ಅಗಸೆ ಎಣ್ಣೆ, ಇನ್ನೂ ಏನೋ. ಕೇಳಿದರೆ ಕುಡಿಕೆಯ ಬಾಯಿ ಮುಚ್ಚಿದಳು. ಎರಡು ದಿನ ಇಬ್ಬರೂ ಉಜ್ಜಿದೆವು. ನಾನು ಒತ್ತಿ ಉಜ್ಜಿದರೆ ಮೊಣಕೈಗೆ ಪೆಟ್ಟು ಬೀಳುತ್ತಿತ್ತು. ಸುತ್ತಿ ಸುತ್ತಿ ಉಜ್ಜಿದರೆ ತೆಲುಗು. ಆಕೆಯ ವಯಸ್ಸಿಗೆ ಅದು ಮಾಡುವ ಕೆಲಸವಲ್ಲ. ಮಧ್ಯೆ ಮಧ್ಯೆ ಸೊಂಟ ಹಿಡಿದು ಬೇವಿನ ಬೊಡ್ಡೆಗೆ ಒರಗುತ್ತಿದ್ದಳು, ತಂಬಾಕು ಬಾಯಿಗಿಟ್ಟು ಮತ್ತೆ ಏಳುತ್ತಿದ್ದಳು. ಎರಡನೆಯ ದಿನ ಮಧ್ಯಾಹ್ನ ಮೂರನೆಯ ಡಬ್ಬಿಯ ಮೇಣ ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಒರೆಸಿದಳು. ಬಾನೆಟ್ಟಿಗೆ ಕೆನ್ನೆ ಇಟ್ಟು ಕಣ್ಣು ಮುಚ್ಚಿದಳು.

ಬಣ್ಣ ತಿರುಗಿ ಬಂದಿತ್ತು. ಎಡದೀಪದ ಹಿಂದೆ ಅಂಗೈಯಗಲ ಜಾಗ ಮಾತ್ರ ಮಂಕಾಗಿಯೇ ಉಳಿಯಿತು. ಅಲ್ಲಿ ಹುಳಿ ಒಳಗಿಳಿದಿದೆ, ಇನ್ನು ಉಜ್ಜಿದರೆ ತಗಡು ಕಾಣುತ್ತದೆ ಎಂದು ಬಿಟ್ಟಳು. ನಾನು ಕಾಲಿಗೆ ಬಿದ್ದು, ನಿನಗೆ ಏನು ಕೊಡಲವ್ವಾ ಎಂದೆ.

“ಸಾಹುಕಾರ್ರು ಬಂದ ಮ್ಯಾಲ ಆ ಜಾಗಾ ತೋರಿಸಿ, ಕೆಡಿಸಿದಾಂವ ನಾನ ಅಂತ ನೀನ ಹೇಳು. ಅದೇ ನನ್ನ ಕೂಲಿ” ಎಂದಳು.

ಹೇಳುತ್ತೇನೆ ಎಂದೆ. ಖರೇನೇ ಹೇಳಬೇಕೆಂದಿದ್ದೆ. ಸಾಹುಕಾರರು ರೈಲಿನಿಂದ ಇಳಿದು ಗಾಡಿ ನೋಡಿ, ಚಲೋ ಇಟ್ಟಿದ್ದೀಯಪ್ಪಾ ಎಂದು ಬೆನ್ನು ತಟ್ಟಿದರು. ಆ ತಟ್ಟಿದ ಕೈಯ ಕೆಳಗೆ ನನ್ನ ಮಾತು ಅಡಗಿಹೋಯಿತು. ಹಬ್ಬ ಮುಗಿಯಲಿ ಎಂದುಕೊಂಡೆ. ಹಬ್ಬ ಮುಗಿಯಿತು. ಲಗ್ನ ಮುಗಿಯಲಿ ಎಂದುಕೊಂಡೆ. ಲಗ್ನವೂ ಆಯಿತು, ನಗು ತಡೆಯಲಾರದವಳು ನನ್ನ ಮನೆಗೆ ಬಂದಳು. ಈಗ ಹೇಳಿದರೆ ಇವಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ ಎಂದುಕೊಂಡೆ.

ಮಕ್ತಲ್‌ಗೆ ಹೋದಾಗಲೆಲ್ಲ ಜೀನಗಾರವ್ವ ಬೇವಿನ ಕೆಳಗೆ ಗಾಡಿ ನಿಲ್ಲಿಸಿಕೊಂಡು ಅದರ ಯೋಗಕ್ಷೇಮ ನೋಡುತ್ತಿದ್ದಳು. ಹಕ್ಕಿಯ ಹಿಕ್ಕೆ ಬಿದ್ದರೆ ಆಗಲೇ ನೀರಿನಿಂದ ನೆನೆಸಿ ತೆಗೆ ಎನ್ನುವಳು, ಮೇಣ ಕಡಿಮೆಯಾಗಿದೆ ಎನ್ನುವಳು. ಕಡೆಗೆ, ಏನೂ ಅಲ್ಲ ಎಂಬಂತೆ, “ಹೇಳಿದ್ಯೇನಪಾ?” ಎಂದು ಕೇಳುವಳು. ಸಾಹುಕಾರರಿಗೆ ತಲೆನೋವು, ಸಾಹುಕಾರರ ಮಗಳ ಬಾಣಂತನ, ಸಾಹುಕಾರರು ಊರಲ್ಲಿಲ್ಲ ಎಂದು ನಾನು ಒಂದೊಂದು ಸಲ ಒಂದೊಂದು ಹೇಳುತ್ತಿದ್ದೆ. ಆಯಿತು ಎನ್ನುವಳು. ಯುದ್ಧ ಬಂದು ಪೆಟ್ರೋಲು ಸಿಗದ ಕಾಲದಲ್ಲಿ ಗಾಡಿ ಕೊಟ್ಟಿಗೆಯಲ್ಲೇ ನಿಂತಿತು. ಆಗಲೂ ಆಕೆ ಕಲಿಸಿದಂತೆ ತಿಂಗಳಿಗೊಮ್ಮೆ ಮೇಣ ಕೊಟ್ಟೆ. ಎಡದೀಪದ ಹಿಂದಿನ ಜಾಗಕ್ಕೆ ಬಂದಾಗ ಮುಖ ಆಚೆ ತಿರುಗಿಸುತ್ತಿದ್ದೆ.

ಆಕೆ ಹಾಸಿಗೆ ಹಿಡಿದಿದ್ದಾಳೆ ಎಂದು ಸುದ್ದಿ ಬಂದಾಗ ಬಂಡಿ ಹತ್ತಿ ಹೋದೆ. ಚಾಪೆಯ ಮೇಲೆ ಒಂದು ಹಿಡಿಯಷ್ಟಾಗಿದ್ದಳು. ಕುಂಚಗಳನ್ನೆಲ್ಲ ತೊಳೆಸಿ ಗೋಡೆಗೆ ಒರಗಿಸಿದ್ದಳು. ನನ್ನ ಗುರುತು ಸಿಕ್ಕಿತು. ಮಕ್ಕಳ ಬಗ್ಗೆ ಕೇಳಿದಳು, ಗಾಡಿಯ ಬಗ್ಗೆ ಕೇಳಿದಳು. ಆಮೇಲೆ ಅದನ್ನೂ ಕೇಳಿದಳು. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಸಾಯುವವಳನ್ನು ಯಾಕೆ ನೋಯಿಸಲಿ ಎಂದುಕೊಂಡೆನೋ, ನನ್ನ ಮಾನ ಉಳಿಸಿಕೊಂಡೆನೋ. ಹೇಳಿದೆವ್ವಾ ಎಂದೆ. ಏನಂದರು ಎಂದು ಕೇಳಿದಳು. ನಕ್ಕುಬಿಟ್ಟರು ಎಂದೆ.

ನನ್ನನ್ನು ಬಹಳ ಹೊತ್ತು ನೋಡಿದಳು. “ಚಲೋ ಆತು” ಎಂದಳು. ಕೈ ಎತ್ತಿ ನನ್ನ ಗದ್ದ ಮುಟ್ಟಿದಳು. ಮೂರನೆಯ ದಿನಕ್ಕೆ ಹೋಗಿಬಿಟ್ಟಳು.

ಮಣ್ಣು ಮುಗಿಸಿ ನಾರಾಯಣಪೇಟೆಗೆ ಬಂದವನು ಮನೆಗೂ ಹೋಗದೆ ಸಾಹುಕಾರರ ಮುಂದೆ ನಿಂತೆ. ಕೊಟ್ಟಿಗೆಗೆ ಕರೆದೊಯ್ದು ಜಾಗ ತೋರಿಸಿ, ಬೂದಿಯಿಂದ ಹಿಡಿದು ಎಲ್ಲ ಹೇಳಿದೆ. ಕೆಲಸದಿಂದ ತೆಗೆದರೂ ಸರಿ ಎಂದೆ. ಅವರು ಸಿಟ್ಟಾಗಲಿಲ್ಲ. ಆಶ್ಚರ್ಯವನ್ನೂ ಪಡಲಿಲ್ಲ. ಗಾಡಿಯ ಬಾಗಿಲ ಕೆಳಗಿನ ಪಾವಟಿಗೆಯ ಮೇಲೆ ಕೂತರು.

“ನೀ ಲಗ್ನಕ್ಕ ಮದ್ದೂರಿಗೆ ಹೋದಾಗ ಆಕಿ ಬಂದಿದ್ದಳಪಾ ಇಲ್ಲಿಗೆ. ಎಲ್ಲಾ ಹೇಳಿದಳು. ಹುಡುಗ ತಾನಾಗಿ ಹೇಳ್ತಾನ್ರಿ, ಅಲ್ಲೀತನಕ ಅವನ್ನ ತೆಗೀಬ್ಯಾಡ್ರಿ, ಹೇಳಿದ ದಿನ ನನಗೊಂದು ಮಾತು ಹೇಳಿ ಕಳಸ್ರಿ ಅಂತ ಕೇಳ್ಕೊಂಡ್ಳು.”

ನನಗೆ ತಟ್ಟನೆ ಏನೂ ತಿಳಿಯಲಿಲ್ಲ. ಆಮೇಲೆ ಒಂದೊಂದಾಗಿ ತಿಳಿಯಿತು. ತಲೆನೋವು, ಬಾಣಂತನ ಎಂದು ನಾನು ಕಥೆ ಕಟ್ಟುತ್ತಿದ್ದಾಗ ಆಕೆಗೆ ಎಲ್ಲ ಗೊತ್ತಿತ್ತು. ಕಡೆಯ ದಿನವೂ ಗೊತ್ತಿತ್ತು. ಇಲ್ಲಿಂದ ಮಾತು ಹೋಗಿರಲಿಲ್ಲವಲ್ಲ. ಸುಳ್ಳೆಂದು ಗೊತ್ತಿದ್ದೇ ಚಲೋ ಆತು ಎಂದಳು. ಕ್ಷಮಿಸಿ ಹಾಗೆಂದಳೋ, ಇವನು ಇಷ್ಟೇ ಎಂದು ಬಿಟ್ಟುಕೊಟ್ಟು ಹಾಗೆಂದಳೋ. ಈ ವಯಸ್ಸಿನವರೆಗೂ ಅದನ್ನೇ ಹಿಂದೆ ಮುಂದೆ ಮಾಡುತ್ತ ಬಂದಿದ್ದೇನೆ. ಒಂದು ದಿನ ಹೀಗೆ ಅನ್ನಿಸುತ್ತದೆ, ಇನ್ನೊಂದು ದಿನ ಹಾಗೆ.

ಸಾಹುಕಾರರು ಪಾವಟಿಗೆಯಿಂದ ಎದ್ದರು. ಧೋತರ ಕೊಡವಿಕೊಂಡು, ಮಂಕಾದ ಆ ಜಾಗವನ್ನೊಮ್ಮೆ ನೋಡಿ, ನನ್ನನ್ನು ನೋಡಿ ಕೇಳಿದರು:

“ಇವತ್ತು ಹೇಳಿದಿ. ಈಗ ನಾ ಯಾರಿಗೆ ಹೇಳಿ ಕಳಸ್ಲಿ?”